ಮುರಿಯದ ಕಾಲಿನ ಕಟ್ಟು

ತಮ್ಮ ರಜೆಯ ಮೇಲೆ ಬಂದು ಮೂರು ದಿನವಾಗಿತ್ತು. ಅವನು ಒಂದು ಕಡೆ ಕೂತದ್ದನ್ನು ಅಕ್ಕ ನೋಡಿರಲಿಲ್ಲ. ಕಾಲು ಸುಟ್ಟ ಬೆಕ್ಕಿನ ಹಾಗೆ ಅಡುಗೆಮನೆಯಿಂದ ಬಾಗಿಲಿಗೆ, ಬಾಗಿಲಿನಿಂದ ಮೆಟ್ಟಿಲಿಗೆ, ಮೆಟ್ಟಿಲಿನಿಂದ ಮತ್ತೆ ಅಡುಗೆಮನೆಗೆ. ಇದ್ದದ್ದು ಎರಡು ಕೋಣೆಯ ಮನೆ, ಅದರಲ್ಲಿ ಓಡಾಡಲು ಎಷ್ಟು ಜಾಗ ಸಿಕ್ಕೀತು? ಭಾವ ಸಿಟಿ ಬಸ್ಸಿನ ಕಂಡಕ್ಟರು. "ದಿನಾ ಸಾವಿರ ಜನಕ್ಕೆ ಮುಂದೆ ಹೋಗಿ, ಮುಂದೆ ಹೋಗಿ ಅಂತ ಬಾಯಿ ನೋಯಿಸ್ಕೋತೀನಿ, ಒಬ್ರೂ ಕದಲಲ್ಲ. ನೀನು ಹೇಳದೇನೇ ಹೋಗ್ತಾ ಇದೀಯಲ್ಲಪ್ಪಾ" ಎಂದು ಅವನು ನಗಿಸಲು ನೋಡಿದ. ತಮ್ಮ ನಗಲಿಲ್ಲ.

ನಗದಿದ್ದರೆ ಹೋಗಲಿ, ಮಾತೂ ಇಲ್ಲ. ಮಾತಿಲ್ಲದಿದ್ದರೆ ಅವನು ಅವನೇ ಅಲ್ಲ. ಚಿಕ್ಕಂದಿನಲ್ಲಿ ಬಿಟ್ಟೂ ಬಿಡದೆ ವಟಗುಟ್ಟುತ್ತಿದ್ದ ಅವನನ್ನು ಇಡೀ ಬೀದಿಯೇ ರೇಡಿಯೋ ಎಂದು ಕರೆಯುತ್ತಿತ್ತು. ತಾಯಿ ತೀರಿಕೊಂಡಾಗ ಅವನಿಗೆ ಏಳು, ಅಕ್ಕನಿಗೆ ಹತ್ತೊಂಬತ್ತು. ಅಂದಿನಿಂದ ಅವನ ಊಟ, ಜ್ವರ, ಹರಿದ ಚಡ್ಡಿ, ಶಾಲೆಯಿಂದ ಬರುವ ದೂರು ಎಲ್ಲವೂ ಅವಳ ತಲೆಯ ಮೇಲೇ ಬಿದ್ದಿದ್ದವು. ಸೇನೆಗೆ ಸೇರಿದ ಮೇಲೆ ಅಲ್ಲಿಯವರೂ ಅವನ ಬಾಯಿಗೇ ಕೆಲಸ ಕೊಟ್ಟರು. ಬೆನ್ನ ಮೇಲೆ ವೈರ್‌ಲೆಸ್ ಪೆಟ್ಟಿಗೆ ಹೊತ್ತುಕೊಂಡು ಮುಂದೆ ಹೋಗಬೇಕು, ಎಲ್ಲಿಗೆ ಗುಂಡು ಬೀಳಬೇಕೋ ಆ ಜಾಗದ ನಂಬರನ್ನು ಹಿಂದಿರುವ ಫಿರಂಗಿಯವರಿಗೆ ಹೇಳಬೇಕು. ಆಗ ಅಕ್ಕ ಹೆಮ್ಮೆಯಿಂದಲೇ ನಕ್ಕಿದ್ದಳು.

ಮಂಗಳವಾರ ಸಂಜೆ ಅವಳು ಆಸ್ಪತ್ರೆಯಿಂದ ಬಂದು ಕೈ ತೊಳೆಯುತ್ತಿದ್ದಳು. ಅವಳ ಕೈ ತೊಳೆಯುವುದು ಸಣ್ಣ ಕೆಲಸವಲ್ಲ. ಮೂಳೆ ಮುರಿದವರಿಗೆ ಪ್ಲಾಸ್ಟರ್ ಹಾಕುವ ಕೋಣೆಯಲ್ಲಿ ಅವಳದು ಇಪ್ಪತ್ತೊಂದು ವರ್ಷದ ನೌಕರಿ. ಆ ಬಿಳಿ ಪುಡಿ ಉಗುರ ಸಂದಿಗೆ ಹೊಕ್ಕರೆ ಸುಲಭಕ್ಕೆ ಬಿಡುವುದಿಲ್ಲ. ತಮ್ಮ ಹಿಂದೆ ಬಂದು ನಿಂತ.

"ಅಕ್ಕಾ, ನಾನು ವಾಪಸ್ ಹೋಗಲ್ಲ."

"ರಜೆ ಜಾಸ್ತಿ ಕೊಟ್ರಾ?"

"ರಜೆ ಅಲ್ಲ. ಸೋಮವಾರ ಕ್ಯಾಂಪಿನ ಗೇಟಿಗೆ ಹೋಗ್ತೀನಿ. ಬಂದಿದೀನಿ, ಆದ್ರೆ ಈ ಯುದ್ಧ ನಾನು ಮಾಡಲ್ಲ ಅಂತ ಹೇಳ್ತೀನಿ."

ಅವಳು ನಲ್ಲಿ ನಿಲ್ಲಿಸಿದಳು. ಅವನು ನಿಲ್ಲಿಸಲಿಲ್ಲ, ಮೂರು ದಿನದ ಮಾತು ಒಂದೇ ಉಸಿರಿಗೆ ಬಂತು.

"ಹೊಳೆ ಆಚೆ ಒಂದು ಹಳ್ಳಿ. ಜನ ಎಲ್ಲಾ ಖಾಲಿ ಮಾಡಿದಾರೆ ಅಂತ ಕಾಗದದಲ್ಲಿತ್ತು. ನಾನು ಮೊದಲ್ನೇ ಮನೆ ಒಳಗೆ ಹೋಗಿ ಒಲೆ ಮೇಲೆ ಕೈಯಿಟ್ಟೆ. ಬಿಸಿ ಇತ್ತು ಅಕ್ಕ. ಆಗ ತಾನೆ ಯಾರೋ ಅಡುಗೆ ಮಾಡಿದ್ರು. ಸಾಹೇಬ್ರ ಹತ್ರ ಓಡಿ ಬಂದು, ಜನ ಇದಾರೆ ಸರ್ ಅಂದೆ. ಕಾಗದದಲ್ಲಿ ಇಲ್ಲ ಅಂತಿದೆ, ನೀನು ನಂಬರ್ ಓದು ಅಂದ್ರು. ಓದ್ದೆ. ನೀಟಾಗಿ, ಎರಡೆರಡು ಸಲ ಓದ್ದೆ. ಹತ್ತು ನಿಮಿಷಕ್ಕೆ ಆ ಬೀದೀನೇ ಇರ್ಲಿಲ್ಲ."

"ಆಮೇಲೆ ಹೋಗಿ ನೋಡಿದ್ರಾ?"

"ನೋಡೋಕೆ ಬಿಡ್ಲಿಲ್ಲ."

ಅವಳಿಗೆ ಆ ಮನೆಯವರ ಮೇಲೆ ಮರುಕ ಹುಟ್ಟಿದ್ದು ನಿಜ. ಆದರೆ ಅದಕ್ಕಿಂತ ಮೊದಲು ಬಂದದ್ದು ಇವನ ಗತಿಯೇನು ಎಂಬ ದಿಗಿಲು, ಅದನ್ನು ಅವಳು ತನ್ನಿಂದ ತಾನೇ ಮುಚ್ಚಿಡಲಿಲ್ಲ. ಹೋದ ತಿಂಗಳು ಮೂವರು ಸಿಪಾಯಿಗಳು ಹೀಗೇ ಗೇಟಿನಲ್ಲಿ ನಿಂತು ಒಲ್ಲೆ ಅಂದಿದ್ದರು. ಮೂವರಿಗೂ ಏಳೇಳು ವರ್ಷ ಜೈಲಾಗಿತ್ತು. ಪತ್ರಿಕೆಯಲ್ಲಿ ಫೋಟೋ ಹಾಕಿ ಹೇಡಿಗಳು ಎಂದು ದೊಡ್ಡಕ್ಷರದಲ್ಲಿ ಬರೆದರು. ಒಬ್ಬನ ತಾಯಿಯ ಮನೆಯ ಕಿಟಕಿಗೆ ಯಾರೋ ಕಲ್ಲು ತೂರಿದರು.

ಆ ಯುದ್ಧ ಯಾಕೆ ಶುರುವಾಯಿತು ಎಂದು ಊರಿನಲ್ಲಿ ಹತ್ತು ಜನರನ್ನು ಕೇಳಿದರೆ ಹನ್ನೊಂದು ಉತ್ತರ ಸಿಗುತ್ತಿತ್ತು. ನಮ್ಮ ಗಡಿ ಉಳಿಸಲು ಎಂದು ಕೆಲವರು, ಹೊಳೆಯಾಚೆಯ ನೆಲದ ಮೇಲೆ ಕಣ್ಣು ಬಿದ್ದದ್ದಕ್ಕೆ ಎಂದು ಕೆಲವರು. ಭಾವನ ಬಸ್ಸಿನಲ್ಲಿ ಇಬ್ಬರು ಮುದುಕರು ಈ ವಿಷಯಕ್ಕೇ ಕೊರಳಪಟ್ಟಿ ಹಿಡಿದುಕೊಂಡಾಗ ಅವನು ಸೀಟಿ ಊದಿ ಬಸ್ಸನ್ನೇ ನಿಲ್ಲಿಸಿದ್ದ. ಇಬ್ಬರೂ ಇಳಿಯಬೇಕಾದ ಸ್ಟಾಪು ದಾಟಿ ಬಂದಿದ್ದರು ಎಂಬುದು ಬೇರೆ ಮಾತು.

"ನೀನೊಬ್ಬ ಬಿಟ್ರೆ ಯುದ್ಧ ನಿಂತ್‌ಬಿಡುತ್ತಾ?" ಎಂದಳು ಅಕ್ಕ.

"ನಿಲ್ಲಲ್ಲ."

"ಮತ್ತೆ?"

"ಆ ನಂಬರ್ ಓದೋ ಬಾಯಿ ನಂದಾಗಿರಲ್ಲ."

ವಾದದಲ್ಲಿ ಸೋತರೆ ಅವಳು ಕೆಲಸಕ್ಕೆ ಕೈ ಹಾಕುವವಳು. ಊಟಕ್ಕೆ ಬಡಿಸುವ ಹೊತ್ತಿಗೆ ಅವಳ ತಲೆಯಲ್ಲಿ ಉಪಾಯ ಸಿದ್ಧವಾಗಿತ್ತು. ನಾಳೆ ಆಸ್ಪತ್ರೆಗೆ ಬಾ, ಕಾಲಿಗೆ ಕಟ್ಟು ಹಾಕುತ್ತೇನೆ. ಮೆಟ್ಟಿಲಿನಿಂದ ಬಿದ್ದೆ ಅನ್ನು. ಆರು ವಾರ ಯಾರೂ ನಿನ್ನ ತಂಟೆಗೆ ಬರುವುದಿಲ್ಲ. ಅಷ್ಟರಲ್ಲಿ ಯುದ್ಧ ನಿಂತರೂ ನಿಂತೀತು ಎಂದು ಬಡಿಸುತ್ತಲೇ ಹೇಳಿದಳು.

"ಬೇಡ" ಎಂದ ತಮ್ಮ. "ಕಾಲು ಮುರ್ಕೊಂಡು ಮನೇಲಿದ್ರೆ ನಾನು ಒಲ್ಲೆ ಅಂದಂಗಾಗಲ್ಲ. ಕಾಲು ಸರಿ ಇದ್ದಿದ್ರೆ ಹೋಗ್ತಿದ್ದೆ ಅಂದಂಗಾಗುತ್ತೆ."

"ಏನಾದ್ರೂ ಆಗ್ಲಿ, ಮನೇಲಿರ್ತೀಯಲ್ಲ!" ಅಕ್ಕ ತಟ್ಟೆ ಸರಿಸಿದಳು. "ನಿನ್ನ ಸಾಕಿದ್ದು ಏಳು ವರ್ಷ ಕಂಬಿ ಎಣಿಸ್ಲಿ ಅಂತಾನಾ? ಅಮ್ಮ ಹೋಗೋವಾಗ ನನ್ನ ಕೈಲಿ ಕೊಟ್ಟು ಹೋದ್ಲು ಕಣೋ ನಿನ್ನ. ನೀನು ಒಪ್ಪೋತನಕ ನಾನು ಈ ಮನೇಲಿ ಒಂದು ತುತ್ತು ಮುಟ್ಟಲ್ಲ."

ಮಾತಿಗೆ ತಪ್ಪುವವಳಲ್ಲ ಅವಳು. ರಾತ್ರಿ ಉಣ್ಣಲಿಲ್ಲ, ಬೆಳಿಗ್ಗೆ ನೀರನ್ನೂ ಕುಡಿಯದೆ ಚಪ್ಪಲಿ ಮೆಟ್ಟಿದಳು. ಭಾವ ಇಬ್ಬರ ಮುಖವನ್ನೂ ನೋಡಿ, ಯಾರ ಪರ ಹೇಳಿದರೂ ತನಗೆ ಉಳಿಗಾಲವಿಲ್ಲವೆಂದು ಟೋಪಿ ಹಾಕಿಕೊಂಡು ಹೊರಟುಬಿಟ್ಟ. ತಮ್ಮ ಹಲ್ಲು ಕಚ್ಚಿಕೊಂಡು ಅವಳ ಹಿಂದೆ ನಡೆದ. "ಆರು ವಾರ ಅಷ್ಟೆ. ಆಮೇಲೆ ನಾನು ಹೇಳೇ ಹೇಳ್ತೀನಿ" ಎಂದು ದಾರಿಯುದ್ದಕ್ಕೂ ಗೊಣಗಿದ. ಆರು ವಾರದ ಮಾತು ಆರು ವಾರಕ್ಕೆ ಎಂದು ಅವಳು ಕಿವಿಗೇ ಹಾಕಿಕೊಳ್ಳಲಿಲ್ಲ.

ಮೂಳೆ ಡಾಕ್ಟರು ಊಟಕ್ಕೆ ಹೋದ ಹೊತ್ತಿನಲ್ಲಿ ಕೆಲಸ ಮುಗಿಯಿತು. ಹತ್ತಿ ಸುತ್ತಿದಳು, ಪ್ಲಾಸ್ಟರ್ ಪಟ್ಟಿಯನ್ನು ನೀರಿನಲ್ಲಿ ಅದ್ದಿ ಹಿಂಡಿ, ಬೆರಳ ಬುಡದಿಂದ ತೊಡೆಯವರೆಗೆ ಸುತ್ತು ಹಾಕಿದಳು, ಅಂಗೈಯಿಂದ ನೀವಿ ನುಣುಪು ಮಾಡಿದಳು, ರೂಢಿಯಂತೆ ಮೇಲೆ ಪೆನ್ಸಿಲಿನಿಂದ ತಾರೀಕು ಬರೆದಳು. ಯಾರೂ ಕೇಳಿಕೊಂಡು ಬಾರದೆ ಬೀರುವಿನಲ್ಲಿ ಬಿದ್ದಿದ್ದ ಎಕ್ಸ್‌ರೇಗಳಲ್ಲಿ ಒಂದನ್ನು ಆರಿಸಿ, ಹೆಸರಿದ್ದ ಮೂಲೆಯನ್ನು ಕತ್ತರಿಸಿ ಚೀಟಿಗೆ ಲಗತ್ತಿಸಿದಳು. ಡಾಕ್ಟರು ಬಂದು ಇಪ್ಪತ್ತು ಚೀಟಿಗಳ ಜೊತೆ ಅದಕ್ಕೂ ಸಹಿ ಹಾಕಿದರು. ಇಪ್ಪತ್ತೊಂದು ವರ್ಷದಲ್ಲಿ ಅವರು ಅವಳ ಚೀಟಿಯನ್ನು ಓದಿ ಸಹಿ ಹಾಕಿದ್ದೇ ಇಲ್ಲ, ಅಷ್ಟು ನಂಬಿಕೆ. ಆ ನಂಬಿಕೆಗೆ ದ್ರೋಹ ಮಾಡಿದೆ ಎಂದು ಅವಳಿಗೆ ಚುಚ್ಚಿತು. ಚುಚ್ಚಿದರೆ ಚುಚ್ಚಲಿ ಎಂದುಕೊಂಡು ಕ್ಯಾಂಪಿಗೆ ಫೋನು ಮಾಡಿಸಿದಳು.

ಓಡಾಡುವವನನ್ನು ಒಂದೆಡೆ ಕೂರಿಸಿದ್ದಾಯಿತು, ಆದರೆ ನೆಮ್ಮದಿ ಮಾತ್ರ ಬರಲಿಲ್ಲ. ಕಟ್ಟಿನೊಳಗಿನ ಕಾಲಿಗೆ ನೋವಿಲ್ಲ, ಬಾವಿಲ್ಲ. ಆಗಾಗ ಎದ್ದು ಹೋಗೋಣ ಅನ್ನುತ್ತದೆ. ತುರಿಕೆ ಬೇರೆ. ಕೊಡೆಯ ಕಡ್ಡಿ ತೂರಿಸಿ ಕೆರೆದುಕೊಳ್ಳುತ್ತಾನೆ, ಬಯ್ಯುತ್ತಾನೆ, ಕಡ್ಡಿ ಎಸೆಯುತ್ತಾನೆ, ಮತ್ತೆ ಬೇಕೆನ್ನುತ್ತಾನೆ. ಬೀದಿಯವರು ಒಬ್ಬೊಬ್ಬರಾಗಿ ನೋಡಲು ಬಂದರು. "ಕಾಲು ಚೆನ್ನಾಗಿದ್ದಿದ್ರೆ ಇವನು ಇಷ್ಟೊತ್ತಿಗೆ ಹೊಳೆ ದಾಟಿರೋನು" ಎಂದು ಎದುರುಮನೆಯ ಮೇಷ್ಟರು ಬೆನ್ನು ತಟ್ಟಿದರು. ತಮ್ಮ ಗೋಡೆಯ ಕಡೆ ತಿರುಗಿದ. ನೋವಿರಬೇಕು ಪಾಪ ಎಂದುಕೊಂಡು ಮೇಷ್ಟರು ಎದ್ದು ಹೋದರು.

ಶನಿವಾರ ಇಸ್ತ್ರಿಯವಳು ಬಂದಳು. ಬೀದಿಯ ತುದಿಯಲ್ಲಿ ಬಟ್ಟೆಗೆ ಇಸ್ತ್ರಿ ಹಾಕುವ ಈ ಹೆಂಗಸಿನ ಮಗನೂ ತಮ್ಮನ ದಳದಲ್ಲೇ ಇದ್ದ. ಅವಳು ಮಂಚದ ಬಳಿ ಕೂತು, ಬಿಳಿ ಕಟ್ಟಿನ ಮೇಲೆ ಕೈಯಾಡಿಸಿ, ಏನೂ ಹೇಳದೆ ಅಳಲು ಶುರು ಮಾಡಿದಳು.

"ಅಳ್ಬೇಡಿ ಅಮ್ಮ, ನಂಗೇನೂ ಆಗಿಲ್ಲ" ಎಂದ ತಮ್ಮ.

"ನಿಂಗೋಸ್ಕರ ಅಳ್ತಿಲ್ಲಪ್ಪ" ಎಂದಳು ಅವಳು. "ಹೊಟ್ಟೆಕಿಚ್ಚು. ನನ್ನ ಮಗನಿಗೂ ಒಂದು ಕಾಲು ಮುರೀಬಾರ್ದಿತ್ತಾ ಅಂತ. ತಾಯಾಗಿ ಇಂಥ ಮಾತು ಆಡ್ಬಾರ್ದು, ಆದ್ರೂ ಬಾಯಿಗೆ ಬಂತು. ನೀನು ಪಕ್ಕದಲ್ಲಿದೀಯ ಅಂತ ನಾನು ರಾತ್ರಿ ನೆಮ್ಮದಿಯಾಗಿ ಕಣ್ಣು ಮುಚ್ತಿದ್ದೆ. ಈಗ ನಿನ್ನ ಪೆಟ್ಟಿಗೇನ ಅವನ ಬೆನ್ನಿಗೇ ಹೊರಿಸಿದಾರಂತೆ."

ಅವಳು ಹೋದದ್ದೇ ತಡ, ತಮ್ಮ ಚೀರಿಕೊಂಡ. "ತೆಗಿ ಅಕ್ಕ ಇದನ್ನ. ಈಗ್ಲೇ ತೆಗಿ. ನಾನು ಬಿಟ್ಟ ಕೆಲ್ಸ ಅವನು ಮಾಡ್ತಿದಾನೆ, ನಾನ್ಯಾಕೆ ಬಿಟ್ಟೆ ಅಂತ ಅವನಿಗೂ ಗೊತ್ತಿಲ್ಲ. ಹೇಳಿದ್ದಿದ್ರೆ ಅವನಾದ್ರೂ ಯೋಚ್ನೆ ಮಾಡ್ತಿದ್ದ. ಈಗ ನಾನು ಬರೀ ತಪ್ಪಿಸ್ಕೊಂಡವನು."

"ಸೋಮವಾರ ಒಂದು ಕಳೀಲಿ."

"ನಾನೇ ಒಡೀತೀನಿ."

"ಒಡಿ. ಒಡೆದು ಗೇಟಿಗೆ ಹೋಗು. ಹಾಕಿದ್ದು ಯಾರು ಅಂತ ಕೇಳ್ತಾರೆ. ಏನಂತೀಯ?"

ಅವನ ಕೈ ಹಾಗೇ ನಿಂತಿತು. ಅಕ್ಕನ ಹೆಸರು ಹೇಳದೆ ಅವನು ಇನ್ನು ಬಾಯಿ ಬಿಡುವಂತಿಲ್ಲ. ಹೇಳಿದರೆ ಅವಳ ನೌಕರಿ ಹೋಗುತ್ತದೆ, ಜೈಲೂ ಆಗಬಹುದು. ತಾನು ಹಾಕಿದ ಕಟ್ಟು ಇವನ ಬಾಯಿಗೆ ಹೀಗೆ ಬೀಗ ಹಾಕೀತು ಎಂದು ಅವಳು ಎಣಿಸಿರಲಿಲ್ಲ. ಹಾಕಿದ್ದು ಒಳ್ಳೆಯದೇ ಆಯಿತು ಎಂದು ಸಮಾಧಾನ ಮಾಡಿಕೊಂಡಳು. ಆ ಸಮಾಧಾನ ಒಂದು ಗಂಟೆಯೂ ನಿಲ್ಲಲಿಲ್ಲ. ಭಾನುವಾರವಿಡೀ ತೊಳೆದ ಪಾತ್ರೆಗಳನ್ನೇ ಮತ್ತೆ ತೊಳೆದಳು.

ಸೋಮವಾರ ಬೆಳಿಗ್ಗೆ ಆಸ್ಪತ್ರೆಯ ಮುಂದೆ ಜೀಪು ನಿಂತಿತು. ಮುಂಚೆಯಾದರೆ ಆಸ್ಪತ್ರೆಯ ಚೀಟಿ ಕಳಿಸಿದರೆ ಸಾಕಿತ್ತು. ಈಗ ಮಿಲಿಟರಿ ಡಾಕ್ಟರೇ ಬಂದಿದ್ದರು, ಐವತ್ತರ ಆಸುಪಾಸಿನವರು, ನಿದ್ದೆಗೆಟ್ಟ ಕಣ್ಣು. "ಈ ಎರಡು ತಿಂಗಳಲ್ಲಿ ರಜೆಗೆ ಹೋದವರ ಕಾಲೆಲ್ಲಾ ಯಾಕೋ ಬಹಳ ಮುರೀತಿವೆ. ಮೆಟ್ಟಿಲುಗಳದ್ದೇ ತಪ್ಪಿರಬೇಕು" ಎಂದರು, ನಗದೆ. ಭಾವ ಆಟೋದಲ್ಲಿ ತಮ್ಮನನ್ನು ಕರೆತಂದು ಪ್ಲಾಸ್ಟರ್ ಕೋಣೆಯ ಮೇಜಿನ ಮೇಲೆ ಕೂರಿಸಿ, ಬಾಗಿಲ ಬಳಿ ಕೈಕಟ್ಟಿ ನಿಂತ.

ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದರು. ಚೀಟಿ ನೋಡಿದರು. ಕಾಲ ಬೆರಳುಗಳನ್ನು ಒತ್ತಿ ನೋಡಿದರು. ಕಟ್ಟಿನ ಮೇಲಿದ್ದ ತಾರೀಕಿಗೆ ಬಂದಾಗ ಅವರ ಬೆರಳು ಅಲ್ಲೇ ನಿಂತಿತು.

"ಬಿದ್ದದ್ದು ಯಾವತ್ತು?"

"ಬುಧವಾರ" ಎಂದಳು ಅಕ್ಕ.

"ಕಟ್ಟು ಹಾಕಿದ್ದು?"

"ಬುಧವಾರವೇ."

"ನೀವೇನಾ ಹಾಕಿದ್ದು? ಎಷ್ಟು ವರ್ಷ ಆಯ್ತು ಈ ಕೆಲಸದಲ್ಲಿ?"

"ಇಪ್ಪತ್ತೊಂದು."

"ಇಪ್ಪತ್ತೊಂದು ವರ್ಷ ಕೆಲಸ ಮಾಡಿದವರು, ಆಗ ತಾನೆ ಮುರಿದ ಕಾಲಿಗೆ ಸುತ್ತಲೂ ಪೂರ್ತಿ ಕಟ್ಟು ಹಾಕ್ತಾರೇನಮ್ಮ?"

ಹೊಸದಾಗಿ ಮುರಿದ ಕಾಲು ಎರಡು ಮೂರು ದಿನ ಊದುತ್ತಲೇ ಇರುತ್ತದೆ. ಅದಕ್ಕೆ ಹಿಂಬದಿಗೆ ಮಾತ್ರ ಅರ್ಧ ಕಟ್ಟು ಕೊಟ್ಟು, ಮೇಲೆ ಬಟ್ಟೆ ಸುತ್ತಿ, ಬಾವು ಇಳಿದ ಮೇಲೆ ಪೂರ್ತಿ ಹಾಕುವುದು. ಇಲ್ಲದಿದ್ದರೆ ಒಳಗೆ ರಕ್ತ ನಿಂತು ಕಾಲೇ ಹೋಗುತ್ತದೆ. ಇದನ್ನು ಹೊಸದಾಗಿ ಬಂದ ನರ್ಸುಗಳಿಗೆ ವರ್ಷ ವರ್ಷ ಹೇಳಿಕೊಟ್ಟವಳು ಅವಳೇ. ನಿಜವಾಗಿ ಮುರಿದ ಕಾಲಿಗೆ ಕನಸಿನಲ್ಲಿಯೂ ಹಾಗೆ ಹಾಕುತ್ತಿರಲಿಲ್ಲ. ಆದರೆ ಈ ಕಾಲು ಊದುವುದಿಲ್ಲ ಎಂದು ಅವಳ ಕೈಗೆ ಗೊತ್ತಿತ್ತು. ಬಾಯಿ ಸುಳ್ಳು ಹೇಳಿತು, ಕೈಗೆ ಹೇಳಲು ಬರಲಿಲ್ಲ.

ಡಾಕ್ಟರು ಎದ್ದು ಬಾಗಿಲು ಮುಂದೆ ಮಾಡಿದರು. ಗದರಿಸಲಿಲ್ಲ, ಅದರಿಂದಲೇ ಅವಳಿಗೆ ಹೆಚ್ಚು ಹೆದರಿಕೆಯಾಯಿತು.

"ನೋಡಿ, ನಂಗೂ ಅಕ್ಕ ಇದಾಳೆ. ಕಾಲು ಉಳುಕಿತ್ತು, ಮುರಿದಿದೆ ಅಂತ ತಪ್ಪಾಗಿ ತಿಳಿದ್ರು, ಈಗ ಸರಿಹೋಗಿದೆ ಅಂತ ಬರೀತೀನಿ. ಕಟ್ಟು ತೆಗೀರಿ, ಹುಡುಗ ನನ್ನ ಜೀಪಲ್ಲಿ ಬರ್ಲಿ. ನಿಮ್ಮ ಕೆಲಸಕ್ಕೆ ಏನೂ ಆಗಲ್ಲ. ಇಲ್ಲಾಂದ್ರೆ ಇಬ್ಬರ ಹೆಸರನ್ನೂ ಬರೀಬೇಕಾಗುತ್ತೆ. ನಂಗೆ ಅದು ಇಷ್ಟ ಇಲ್ಲ."

ತಮ್ಮ ಅವಳ ಮುಖ ನೋಡಿದ, ನೌಕರಿಯ ಸಮವಸ್ತ್ರದ ಸೀರೆ ನೋಡಿದ, ಗೋಡೆಯ ಮೇಲೆ ತೂಗುಹಾಕಿದ್ದ ಪ್ಲಾಸ್ಟರ್ ಕತ್ತರಿಗಳನ್ನು ನೋಡಿದ.

"ಬರ್ತೀನಿ ಸರ್" ಎಂದ. ಕೇಳಿಸಲಿಲ್ಲವೇನೋ ಎಂಬಂತೆ ಇನ್ನೊಂದು ಸಲ ನೀಟಾಗಿ ಹೇಳಿದ. "ಬರ್ತೀನಿ."

ಆ ಸ್ವರ ಅವಳು ಯಾವತ್ತೂ ಕೇಳಿದ್ದಲ್ಲ. ಅದರಲ್ಲಿ ಸಿಟ್ಟಿರಲಿಲ್ಲ, ಭಯವಿರಲಿಲ್ಲ, ಅವನೇ ಇರಲಿಲ್ಲ. ಆ ದಿನ ನಂಬರು ಓದಿದ್ದು ಇದೇ ಸ್ವರದಲ್ಲಿ ಎಂದು ಅವಳಿಗೆ ಹೊಳೆಯಿತು. ಅಂದು ಸಾಹೇಬರು ಓದಿಸಿದ್ದರು, ಇಂದು ಓದಿಸುತ್ತಿರುವವಳು ತಾನು. ಯುದ್ಧದಿಂದ ಉಳಿಸುತ್ತೇನೆಂದು ಹೊರಟವಳು ಅವನನ್ನು ಕೈಹಿಡಿದು ಜೀಪಿಗೆ ಹತ್ತಿಸುತ್ತಿದ್ದಳು. ಅವಳಿಗೆ ತನ್ನ ಮೇಲೆ ಎಂಥ ಹೇಸಿಗೆ ಹುಟ್ಟಿತೆಂದರೆ ಭಯಕ್ಕೆ ಜಾಗವೇ ಉಳಿಯಲಿಲ್ಲ.

"ಅವನು ಬರಲ್ಲ" ಎಂದಳು.

"ಅಕ್ಕಾ, ಸುಮ್ನಿರು."

"ನೀನು ಸುಮ್ನಿರು. ಬರ್ಕೊಳ್ಳಿ ಡಾಕ್ಟ್ರೇ. ಕಾಲು ಮುರಿದೂ ಇಲ್ಲ, ಉಳುಕೂ ಇಲ್ಲ. ಎಕ್ಸ್‌ರೇ ಬೇರೆ ಯಾರದ್ದೋ. ಮೂಳೆ ಡಾಕ್ಟ್ರು ನನ್ನ ನಂಬಿ ಸಹಿ ಹಾಕಿದ್ರು, ಅವರಿಗೆ ಏನೂ ಗೊತ್ತಿಲ್ಲ. ಇವನು ಬೇಡ ಬೇಡ ಅಂದ. ಉಪವಾಸ ಕೂತು ಒಪ್ಪಿಸಿದ್ದು ನಾನು."

ಬಾಗಿಲ ಬಳಿಯಿಂದ ಭಾವ, "ಉಪವಾಸ ಕೂತಿದ್ದು ಹೌದು ಸರ್, ನಾನೇ ಸಾಕ್ಷಿ" ಎಂದ. ಹೇಳಿದ ಮೇಲೆ ಇದು ಸಹಾಯವೋ ಅಪಾಯವೋ ತಿಳಿಯದೆ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ.

ಅವಳು ಯಂತ್ರದ ಗರಗಸ ತೆಗೆದುಕೊಂಡಳು. ಗರ್ರೆಂಬ ಸದ್ದಿಗೆ ಬಿಳಿ ಪುಡಿ ಎದ್ದು ಅವಳ ಹುಬ್ಬಿನ ಮೇಲೆ ಕೂತಿತು. ಒಂದು ಮಗ್ಗುಲು ಸೀಳಿದಳು, ಇನ್ನೊಂದು ಮಗ್ಗುಲು ಸೀಳಿದಳು, ಎರಡೂ ಕೈಯಿಂದ ಅಗಲಿಸಿ ಚಿಪ್ಪನ್ನು ತೆಗೆದಿಟ್ಟಳು. ಹತ್ತಿಯ ಎಳೆ ಅಂಟಿಕೊಂಡ ಗಟ್ಟಿಮುಟ್ಟಾದ ಕಾಲು. ಒದ್ದೆ ಬಟ್ಟೆಯಿಂದ ಅದನ್ನು ಒರೆಸಿದಳು.

"ಈಗ ಎದ್ದು ನಿಂತ್ಕೊ. ನಿನ್ನ ಬಾಯಿ ಮುಚ್ಚಿಸಿದ್ದು ಸಾಕು. ಏನು ಹೇಳ್ಬೇಕು ಅಂತಿದ್ಯೋ ಹೇಳು."

ತಮ್ಮ ಇಳಿದು ನಿಂತ. ಒಂದು ಕೈ ಮೇಜಿನ ಮೇಲಿತ್ತು. ಆ ಹಳ್ಳಿ, ಆ ಒಲೆ, ಆ ನಂಬರು ಎಲ್ಲವನ್ನೂ ಹೇಳಿದ. "ಈ ಯುದ್ಧಕ್ಕೆ ನಾನು ಬರಲ್ಲ ಸರ್. ಹುಷಾರಿಲ್ಲ ಅಂತಲ್ಲ. ಹುಷಾರಾಗಿದೀನಿ, ಬರಲ್ಲ."

ಡಾಕ್ಟರು ಪೆನ್ನಿನ ಮುಚ್ಚಳ ತೆಗೆದರು. "ಯಾವ ಯುದ್ಧ ಬೇಕು, ಯಾವುದು ಬೇಡ ಅಂತ ಒಬ್ಬೊಬ್ಬ ಸಿಪಾಯೀನೂ ಆರಿಸ್ತಾ ಕೂತ್ರೆ ಸೇನೆ ಯಾಕೆ ಬೇಕಪ್ಪ? ನಾಳೆ ಈ ಊರಿನ ಮೇಲೇ ಯಾರಾದ್ರೂ ಬಿದ್ರೆ?"

"ಅದಕ್ಕೆ ಬರ್ತೀನಿ. ಕರೆಯೋಕೆ ಮುಂಚೆ ಬರ್ತೀನಿ. ಇವರೆಲ್ಲಾ ಇಲ್ಲೇ ಇದಾರಲ್ಲ ಸರ್."

"ನಿನ್ನ ಪೆಟ್ಟಿಗೆ ಈಗ ಇನ್ನೊಬ್ಬನ ಬೆನ್ನ ಮೇಲಿದೆ."

"ಗೊತ್ತು" ಎಂದ ತಮ್ಮ. "ಅದಕ್ಕೆ ನನ್ನ ಹತ್ರ ಉತ್ತರ ಇಲ್ಲ."

ಡಾಕ್ಟರು ಕೂತು ಬರೆದರು. ಬರೆದದ್ದನ್ನು ಓದಿ ಹೇಳಿ ಇಬ್ಬರಿಂದಲೂ ಸಹಿ ಹಾಕಿಸಿಕೊಂಡರು. ಪೊಲೀಸರು ಬರುವ ತನಕ ಕೋಣೆ ಬಿಟ್ಟು ಹೋಗಬಾರದೆಂದು ಅವಳಿಗೆ ಹೇಳಿ, ಹೊರಗಿದ್ದ ಇಬ್ಬರು ಸಿಪಾಯಿಗಳನ್ನು ಕರೆದರು. ತಮ್ಮ ಬಗ್ಗಿ ಅಕ್ಕನ ಕಾಲು ಮುಟ್ಟಲು ಹೋದ. ಸಿಪಾಯಿಗಳು ಅವಸರ ಮಾಡಿದರು.

ಮೂಳೆ ವಿಭಾಗದ ಮುಂದಿನ ಉದ್ದನೆಯ ಹಜಾರದಲ್ಲಿ ಎರಡೂ ಬದಿಗೆ ಜನ ಕೂತಿದ್ದರು. ಕೈ ಮುರಿದವರು, ಕಾಲು ಮುರಿದವರು, ಅವರ ಜೊತೆಗೆ ಬಂದವರು. ಬೀದಿಯ ಮೇಷ್ಟರೂ ಸೊಂಟನೋವಿಗೆ ಬಂದು ಅಲ್ಲೇ ಕೂತಿದ್ದರು. ಇಬ್ಬರು ಸಿಪಾಯಿಗಳ ನಡುವೆ ತಮ್ಮ ಹೊರಟ. ಐದು ದಿನ ಮಡಚದೆ ಇದ್ದ ಮಂಡಿ ಹಿಡಿದುಕೊಂಡಿತ್ತು. ಮೂರು ಹೆಜ್ಜೆ ಇಟ್ಟವನು ಕುಂಟತೊಡಗಿದ. ಜನ ಅಯ್ಯೋ ಪಾಪ ಎಂದು ಕಾಲು ಸರಿಸಿ ದಾರಿ ಬಿಟ್ಟರು. "ಕಾಲು ಮುರಿದೋನನ್ನೂ ಬಿಡಲ್ವಲ್ರೀ" ಎಂದು ಮೇಷ್ಟರು ಪಕ್ಕದವರಿಗೆ ಹೇಳಿದ್ದು ಅವಳಿಗೆ ಕೇಳಿಸಿತು.

ಅಕ್ಕ ಬಾಗಿಲ ಚೌಕಟ್ಟನ್ನು ಹಿಡಿದುಕೊಂಡು, ಇಡೀ ಹಜಾರಕ್ಕೆ ಕೇಳುವಂತೆ ಕೂಗಿದಳು.

"ಲೋ, ಕುಂಟಬೇಡ್ವೋ! ನೋವಾದ್ರೂ ಪರವಾಗಿಲ್ಲ, ನೆಟ್ಟಗೆ ನಡಿ. ನಿನ್ನ ಕಾಲಿಗೆ ಏನೂ ಆಗಿಲ್ಲ ಅಂತ ಎಲ್ರಿಗೂ ಕಾಣ್ಲಿ."

ಅವನು ಒಂದು ಕ್ಷಣ ನಿಂತ. ಮುಖ ಕಿವುಚಿಕೊಂಡು ಮಂಡಿಯನ್ನು ಮಡಚಿದ, ಬಿಡಿಸಿದ. ಆಮೇಲೆ ಎರಡೂ ಕಾಲನ್ನು ಸಮನಾಗಿ ಊರುತ್ತಾ, ಹಜಾರದ ತುದಿಯವರೆಗೆ ನಡೆದುಹೋದ.